ಬಿಸಿಲಿನ ರೂಢಿ

ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಗಂಟು ಬಿದ್ದಾಗ, ಡೆಬಿಟ್ಟು-ಕ್ರೆಡಿಟ್ಟು ಬರೆಯುವವನ ಹತ್ತಿರ ಸಾಹಿತ್ಯ ಎಲ್ಲಿಂದ ಬರಬೇಕು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ. ಕವಿತೆ ನನಗೆ ಬರುವುದಿಲ್ಲ. ಬರುವವರು ನಮ್ಮ ಕೂಟದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಮುಕ್ಕಾಲು ಪಾಲು ಮಳೆಯ ಮೇಲೆಯೇ ಬರೆಯುತ್ತಾರೆ. ನಾನು ಮಳೆಗೆ ಮುಂಚಿನ ಹನ್ನೆರಡು ದಿನಗಳ ಮೇಲೆ ಬರೆಯುತ್ತೇನೆ. 2024ರ ಮೇ 27ರಿಂದ ಜೂನ್ 7ರ ತನಕ. ಲೆಕ್ಕ ಎಲ್ಲ ಇಟ್ಟಿದ್ದೇನೆ, ಅದೊಂದೇ ನನಗೆ ಬರುವ ವಿದ್ಯೆ.

ನಮ್ಮೂರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿಕೊಂಡಿದೆ. ಕಚೇರಿ ಮರಾಠಿ, ಬಸ್ಸಿನ ಬೋರ್ಡು ಮರಾಠಿ, ಮನೆ, ಹೊಲ, ಜಗಳ ಎಲ್ಲ ಕನ್ನಡ. ಹತ್ತನೆಯ ತನಕ ನಾನು ಕಲಿತದ್ದೂ ಕನ್ನಡ ಮಾಧ್ಯಮದಲ್ಲೇ. ಊರಿಗೆ ಎಲ್ಲ ಇದೆ, ನೀರೊಂದಿಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುವುದು ನಮ್ಮ ಕಡೆ ಹಬ್ಬಹುಣ್ಣಿಮೆಯಷ್ಟೇ ನಿಯಮಿತ. ಅಜ್ಜಿ ಪ್ರತಿ ವರ್ಷ ಬಾವಿಯ ಪಕ್ಕ ಒಂದು ಮಡಿ ಜವಾರಿ ಮೆಣಸಿನಕಾಯಿ ಹಚ್ಚುತ್ತಿದ್ದಳು. ಕಾಯಿ ಸಣ್ಣದು, ತೊಗಲು ದಪ್ಪ, ಖಾರ ನಿಧಾನಕ್ಕೆ ಏರುವಂಥದ್ದು. ಪೇಟೆಯಲ್ಲಿ ಅದಕ್ಕೆ ಬೆಲೆ ಇಲ್ಲ, ನಮ್ಮ ಮನೆಯ ಕೆಂಪು ಚಟ್ನಿಗೆ ಮಾತ್ರ ಬೇರೆ ಯಾವ ಕಾಯಿಯೂ ಆಗುವುದಿಲ್ಲ. ಆಕೆಯ ತವರಿನಿಂದ ಬಂದ ಬೀಜ. ಎರಡು ವರ್ಷ ಬಾವಿ ತಳ ಕಂಡಿತೆಂದು ಅಗಿ ಹಾಕಲೇ ಇಲ್ಲ. ಅಡಗಿಮನೆಯ ಗೂಟಕ್ಕೆ ಕಟ್ಟಿದ ಒಂದು ಗಂಟು ಒಣಗಾಯಿ ಮಾತ್ರ ಉಳಿದಿತ್ತು. ಮೆಣಸಿನ ಬೀಜ ಜೋಳದ ಬೀಜವಲ್ಲ, ಎರಡು-ಮೂರು ವರ್ಷ ದಾಟಿದರೆ ಮೊಳಕೆಯ ಶಕ್ತಿ ಕರಗಿಹೋಗುತ್ತದೆ. 'ಈ ವರ್ಷ ಹಚ್ಚಲಿಲ್ಲಂದ್ರ ಇದು ನನ್ನ ಕೂಡಾನ ಹೋತು ತಿಳಿ' ಎಂದಳು ಅಜ್ಜಿ. ಯುಗಾದಿಗೆ ಹೋದವನ ಕೈಯಲ್ಲಿ ಗಂಟನ್ನು ಇಟ್ಟಳು. ಪುಣೆಯಲ್ಲಿ ನಳ ತಿರುವಿದರೆ ನೀರು ಬರುತ್ತದೆ ಎಂಬುದು ಊರಲ್ಲೆಲ್ಲ ಗೊತ್ತಿದ್ದ ಸಂಗತಿ.

ನಾವಿಬ್ಬರು ಹುಡುಗರು ಹಡಪಸರದಲ್ಲಿ ಮೂರನೆಯ ಮಾಳಿಗೆಯ ಒಂದು ಖೋಲಿಯಲ್ಲಿ ಬಾಡಿಗೆಗೆ ಇದ್ದೇವೆ. ಮೇಲೆ ಗಚ್ಚಿ ಇದೆ. ಆದರೆ ಗಚ್ಚಿಯ ಮಾಲಕರು ಪಾರಿವಾಳಗಳು, ನಾವು ಬಾಡಿಗೆದಾರರು. ಮೊಳಕೆ ಕಂಡರೆ ಒಂದನ್ನೂ ಬಿಡುವುದಿಲ್ಲ. ಮೇಲಾಗಿ ಏಪ್ರಿಲ್ ಬಿಸಿಲು. ಆದ್ದರಿಂದ ಏಪ್ರಿಲ್ 15ಕ್ಕೆ ಅರವತ್ತು ಬೀಜಗಳನ್ನು ಖೋಲಿಯ ಒಳಗೇ, ಪೂರ್ವದ ಕಿಟಕಿಯ ಕಟ್ಟೆಯ ಮೇಲೆ, ನರ್ಸರಿಯಿಂದ ತಂದ ಪ್ಲಾಸ್ಟಿಕ್ ಟ್ರೇನಲ್ಲಿ ಹಾಕಿದೆ. ಮೂವತ್ತೊಂದು ಎದ್ದವು. ಹಳೆಯ ಬೀಜಕ್ಕೆ ಇದು ಕಡಿಮೆಯೇನಲ್ಲ. ಎರಡು ಬುಡ ಕೊಳೆತು ಬಿದ್ದವು. ಮೇ ಕೊನೆಗೆ ಇಪ್ಪತ್ತೊಂಬತ್ತು ಸಸಿ, ಗೇಣುದ್ದ, ತಿಳಿಹಸಿರು, ನೋಡಿದರೆ ದೃಷ್ಟಿ ತಾಗಬೇಕು ಹಾಗೆ.

ತೊಂದರೆ ಇರುವುದೇ ಆ ತಿಳಿಹಸಿರಿನಲ್ಲಿ. ಇದನ್ನು ನನಗೆ ತೋರಿಸಿಕೊಟ್ಟವರು ನರ್ಸರಿಯ ಮಾಳಿ ಮಾಮಾ. ಸೋಲಾಪುರ ರಸ್ತೆಯಲ್ಲಿ ಮಾಂಜರಿಯಿಂದ ಉರುಳಿ ಕಾಂಚನದ ಕಡೆಗೆ ಹೋಗುತ್ತ ಎಡಕ್ಕೂ ಬಲಕ್ಕೂ ನರ್ಸರಿಗಳೇ. ಅವುಗಳಲ್ಲಿ ಒಂದರಲ್ಲಿ ವಾರಕ್ಕೆ ಎರಡು ಸಂಜೆ ನಾನು ಲೆಕ್ಕ ಬರೆಯುತ್ತೇನೆ. ಟೊಮ್ಯಾಟೊ, ಹೂಕೋಸು, ಬದನೆ, ಚೆಂಡುಹೂವಿನ ಅಗಿ ಹಸಿರು ಜಾಳಿಗೆಯ ನೆರಳಿನಲ್ಲಿ ಸಾಲು ಸಾಲು ಇರುತ್ತದೆ. ಮಾಮಾನಿಗೆ ನನ್ನ ಸಸಿಯ ಫೋಟೊ ತೋರಿಸಿದೆ. ಅವರು ಹೊಗಳಲಿಲ್ಲ. 'ಇದು ಮನೆಯ ಸೊಸೆಯಲ್ಲ, ಫೋಟೊದ ಸೊಸೆ. ಒಂದು ದಿನ ಗಚ್ಚಿಯಲ್ಲಿಡು, ಸಂಜೆಗೆ ಸಿಗೋದಿಲ್ಲ' ಎಂದು ಮರಾಠಿಯಲ್ಲಿ ಹೇಳಿದರು. (ಮಾಮಾನ ಮಾತು ಹೀಗೇ ಇರುತ್ತದೆ. ನಮ್ಮ ಕೂಟದ ಅಕ್ಕತಂಗಿಯರು ಸಿಟ್ಟಾಗಬಾರದು.)

ಕಾರಣ ಹುಡುಕಿ ಓದಿದೆ. ಹೊರಗಿನ ನೆತ್ತಿಯ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಕಿಟಕಿಯಿಂದ ಎರಡು ಮಾರು ಒಳಗೆ ಅದು ಸಾವಿರದ ಲೆಕ್ಕಕ್ಕೆ ಇಳಿಯುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ, ಎಲೆಗೆ ತಿಳಿಯುತ್ತದೆ. ನೆರಳಿನಲ್ಲಿ ಹುಟ್ಟಿದ ಎಲೆ ತೆಳು, ಅಗಲ, ಅದರ ಮೇಲಿನ ಮೇಣದ ಪದರವೂ ತೆಳು. ಇದ್ದಷ್ಟು ಬೆಳಕನ್ನು ಬಾಚಿಕೊಳ್ಳಲೆಂದೇ ಆದ ಎಲೆ ಅದು. ಅಂಥದ್ದನ್ನು ಒಮ್ಮೆಗೇ ಬಿಸಿಲಿಗಿಟ್ಟರೆ ಹಿಡಿಸಲಾರದಷ್ಟು ಬೆಳಕು ಸುರಿದು ಹಸಿರೇ ಸುಟ್ಟು ಬೆಳ್ಳಗಾಗುತ್ತದೆ. ಇನ್ನು ಗಾಳಿ. ಖೋಲಿಯಲ್ಲಿ ಎಲೆಯ ಸುತ್ತ ತನ್ನದೇ ತೇವದ ಗಾಳಿಯ ಒಂದು ತೆಳು ಹೊದಿಕೆ ಇರುತ್ತದೆ. ಹೊರಗಿನ ಗಾಳಿ ಆ ಹೊದಿಕೆಯನ್ನು ಕಿತ್ತೊಯ್ಯುತ್ತದೆ. ಎಲೆಯ ತಳದ ಪತ್ರರಂಧ್ರಗಳಿಗೆ ಗಬಕ್ಕನೆ ಮುಚ್ಚಿಕೊಳ್ಳುವ ರೂಢಿ ಇರುವುದಿಲ್ಲ. ನೀರು ಹೋಗುತ್ತಲೇ ಇರುತ್ತದೆ. ಕೆಳಗೆ ಬೇರು ನೋಡಿದರೆ ಬೊಗಸೆಗೂ ಸಾಲದಷ್ಟು. ಆದಾಯ ಇಲ್ಲ, ಖರ್ಚು ವಿಪರೀತ. ಒಂದೇ ದಿನದಲ್ಲಿ ದಿವಾಳಿ.

ಇದರ ಅತಿ ದೊಡ್ಡ ಉದಾಹರಣೆ ಇದೇ ಪುಣೆಯಲ್ಲಿದೆ. ಪಾಷಾಣದ ಕಡೆ ಇರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 1990ರಲ್ಲಿ ಗಾಜಿನ ಪಾತ್ರೆಯೊಳಗೆ ಬೆಳೆಸಿದ ಬಿದಿರಿಗೆ ಅಲ್ಲೇ ಹೂ ಬಿಡಿಸಿದರು. ದಶಕಗಟ್ಟಲೆ ಕಾದು ಒಮ್ಮೆ ಹೂವಾಗುವ ಬಿದಿರು, ಬಾಟಲಿಯಲ್ಲಿ ತಿಂಗಳುಗಳಲ್ಲಿ! 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿ ಜಗತ್ತಿಗೆಲ್ಲ ಸುದ್ದಿಯಾಯಿತು. ಆದರೆ ಬಾಟಲಿಯ ಗಿಡಕ್ಕೆ ಊಟ ಸಕ್ಕರೆಯ ರೂಪದಲ್ಲಿ ಬುಡಕ್ಕೇ ಬರುತ್ತದೆ, ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ, ಪತ್ರರಂಧ್ರ ತೆರೆದೇ ಇರುತ್ತವೆ. ಹೊರಗೆ ತಂದರೆ ಗಂಟೆಗಳಲ್ಲಿ ಮುದುಡುತ್ತದೆ. ಅಂಗಾಂಶ ಕೃಷಿಯ ಬಾಳೆಯ ಸಸಿಯನ್ನು ರೈತರು ಕೊಳ್ಳುತ್ತಾರಲ್ಲ, ಅದು ಬಾಟಲಿಯಿಂದ ನೇರ ಹೊಲಕ್ಕೆ ಬರುವುದಿಲ್ಲ. ಮೊದಲು ಮಂಜಿನಂತೆ ನೀರು ಹಾರಿಸುವ ಮನೆಯಲ್ಲಿ ಕೆಲವು ವಾರ, ಆಮೇಲೆ ಚೀಲದ ಮಣ್ಣಿನಲ್ಲಿ ಜಾಳಿಗೆಯ ಕೆಳಗೆ ಮತ್ತೆ ಕೆಲವು ವಾರ. ಎರಡು ಮೆಟ್ಟಿಲು ಇಳಿದೇ ನೆಲ ಮುಟ್ಟಬೇಕು.

ನರ್ಸರಿಯ ಲೆಕ್ಕದ ಪುಸ್ತಕದಲ್ಲಿ ಈ ಕೆಲಸಕ್ಕೆ ಒಂದು ಖಾತೆಯೇ ಇಲ್ಲ. ಇದು ನನಗೆ ಕುತೂಹಲದ ಸಂಗತಿ. ಬೀಜದ ಖರ್ಚು ಇದೆ, ತೆಂಗಿನ ನಾರಿನ ಪುಡಿಯದಿದೆ, ಔಷಧದ್ದಿದೆ. ಸಸಿಯನ್ನು ಎಂಟು ದಿನ ಜಾಳಿಗೆಯ ಹೊರಗೆ, ನೀರು ಕಡಿಮೆ ಕೊಟ್ಟು, ಗೊಬ್ಬರ ನಿಲ್ಲಿಸಿ ಇಟ್ಟುಕೊಂಡಿದ್ದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ. ಬರೀ ಜಾಗ ತಿನ್ನುತ್ತದೆ. ಅದಕ್ಕಿಂತ ಹೆಚ್ಚಿನದು ಗಿರಾಕಿಯ ಕಣ್ಣು. ಗಟ್ಟಿ ಮಾಡಿದ ಸಸಿ ಗಿಡ್ಡ, ಎಲೆ ಸಣ್ಣ, ಕಾಂಡದ ಬುಡ ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಪಕ್ಕದಲ್ಲಿ ಜಾಳಿಗೆಯೊಳಗಿನ ಎತ್ತರದ ಹಸಿರು ಸಸಿ ಇಟ್ಟರೆ ಹತ್ತರಲ್ಲಿ ಏಳು ಮಂದಿ ಹಸಿರನ್ನೇ ಎತ್ತಿಕೊಳ್ಳುತ್ತಾರೆ. ಹೊಲದಲ್ಲಿ ಬಾಡಿದ ಮೇಲೆ ಬೀಜ ಸರಿ ಇಲ್ಲ ಎಂದು ಬಯ್ಯುತ್ತಾರೆ. ಮಾರುವವನು ಮತ್ತೆ ಹಸಿರನ್ನೇ ಮಾರುತ್ತಾನೆ. ಇಲ್ಲಿ ತಪ್ಪು ಯಾರದೆಂದು ಮೂರು ತಿಂಗಳು ಯೋಚಿಸಿದ್ದೇನೆ. ಲಾಭ-ನಷ್ಟದ ತಖ್ತೆಯಲ್ಲಿ ಮಾತ್ರ ಅದು ಕಾಣಿಸುವುದಿಲ್ಲ.

ನನ್ನ ಖೋಲಿಯ ದೋಸ್ತ ಇಂಜಿನಿಯರಿಂಗ್ ಓದುತ್ತಾನೆ, ಕಲಬುರ್ಗಿ ಕಡೆಯವ. ಅವನ ಸಿದ್ಧಾಂತ ಬೇರೆ. 'ಏನ್ ಲಾಡ ಮಾಡ್ತೀಯೋ ಮಾರಾಯ, ಒಮ್ಮೆಗೇ ಇಡು. ಗಟ್ಟಿ ಇದ್ದದ್ದು ಉಳೀತದ, ಇಲ್ಲಾಂದ್ರ ಹೋಗ್ತದ. ನಮ್ಮನ್ನೇನು ಯಾರರ ನೆರಳಾಗಿಟ್ಟು ಬೆಳಸ್ಯಾರೇನು?' ಎಂದ. ವಾದಕ್ಕೆ ಕೊನೆ ಕಾಣದಾಗ ಎರಡು ಸಸಿ ಅವನ ಹೆಸರಿಗೆ ಬರೆದುಕೊಟ್ಟೆ. 27ರ ಬೆಳಿಗ್ಗೆ ಒಂಬತ್ತಕ್ಕೆ ಅವನು ಎರಡನ್ನೂ ಗಚ್ಚಿಯ ನಡುವೆ ಇಟ್ಟು ಕಾಲೇಜಿಗೆ ಹೋದ. ಪಾರಿವಾಳಕ್ಕೆಂದು ಮೇಲೊಂದು ತಂತಿಯ ಬುಟ್ಟಿ ಮುಚ್ಚುವ ಔದಾರ್ಯ ತೋರಿಸಿದ.

ನನ್ನ ಇಪ್ಪತ್ತೇಳು ಸಸಿಗಳ ದಿನವಹಿ ಹೀಗಿದೆ. ಮೊದಲ ದಿನ ಮುಂಜಾನೆ ಆರೂವರೆಯಿಂದ ಏಳೂವರೆ, ನೀರಿನ ಟಾಕಿಯ ನೆರಳಿನಲ್ಲಿ ಮಾತ್ರ. ನೇರ ಬಿಸಿಲಿಲ್ಲ, ಬರೀ ಗಾಳಿ ಮತ್ತು ಆಕಾಶದ ಬೆಳಕು. ಮತ್ತೆ ಒಳಗೆ. ಎರಡನೆಯ ದಿನ ಎರಡು ಗಂಟೆ. ನಾಲ್ಕನೆಯ ದಿನ ಮೊದಲ ಸಲ ಎಳೆಬಿಸಿಲು ತೋರಿಸಿದೆ, ಅರ್ಧ ಗಂಟೆ. ಏಳನೆಯ ದಿನಕ್ಕೆ ಹತ್ತು ಗಂಟೆಯ ತನಕ. ಒಂಬತ್ತನೆಯ ದಿನ ನಡುಮಧ್ಯಾಹ್ನ ಬಿಟ್ಟು ಉಳಿದ ಹೊತ್ತೆಲ್ಲ ಹೊರಗೆ. ಹತ್ತನೆಯ ದಿನ ಮಧ್ಯಾಹ್ನವೂ ಹೊರಗೆ. ಹನ್ನೊಂದರಂದು ಮೊದಲ ರಾತ್ರಿ ಹೊರಗೆ ಮಲಗಿದವು. ನನಗೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ನೀರಿನ ವಿಷಯದಲ್ಲಿ ಮಾಮಾ ಒಂದು ಒರೆಗಲ್ಲು ಹೇಳಿಕೊಟ್ಟಿದ್ದರು. ಮಧ್ಯಾಹ್ನ ಎಲೆ ಸ್ವಲ್ಪ ಜೋತರೆ ಗಾಬರಿಯಾಗಬೇಡ. ಸಂಜೆ ತಾನೇ ಎದ್ದು ನಿಂತರೆ ಸರಿಯಾಗಿದೆ. ಮರುದಿನ ಮುಂಜಾನೆಯೂ ಜೋತೇ ಇದ್ದರೆ ಮಾತ್ರ ಅದು ಕೇಳುತ್ತಿದೆ ಅಂತ ಅರ್ಥ, ಆಗ ಕೊಡು.

ಟ್ರೇಯನ್ನು ಗಚ್ಚಿಯ ನೆಲದ ಮೇಲೆ ಇಡಬಾರದು, ಎರಡು ಇಟ್ಟಂಗಿಯ ಮೇಲೆ ಇಡಬೇಕು. ಸಂಜೆ ಏಳಕ್ಕೂ ಆ ಕಾಂಕ್ರೀಟು ತವೆಯಂತೆ ಕಾದಿರುತ್ತದೆ. ಪತ್ರಿಕೆಯಲ್ಲಿ ಬರುವ ಉಷ್ಣಮಾನ ಸಸಿಯದಲ್ಲ, ನೆಲದಿಂದ ನಾಲ್ಕಡಿ ಎತ್ತರದಲ್ಲಿ ಬಿಳಿ ಪೆಟ್ಟಿಗೆಯೊಳಗೆ ನೆರಳಿನಲ್ಲಿರುವ ತಾಪಮಾಪಕದ್ದು. ಸಸಿ ಬದುಕುವುದು ಗೇಣೆತ್ತರದ ಲೋಕದಲ್ಲಿ. ಆ ಲೋಕವನ್ನು ಅಳೆದವರು ಪುಣೆಯಲ್ಲೇ ಇದ್ದರು. ಹವಾಮಾನ ಇಲಾಖೆಯ ಕೃಷಿ ಶಾಖೆ 1932ರಲ್ಲಿ ಇಲ್ಲಿ ಶುರುವಾಯಿತು, ಎಲ್. ಎ. ರಾಮದಾಸ್ ಎಂಬವರು ಅದನ್ನು ಕಟ್ಟಿದರು. ನಿರ್ಮಲವಾದ, ಗಾಳಿಯಿಲ್ಲದ ರಾತ್ರಿಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಗಾಳಿ ನೆಲಕ್ಕೆ ಅಂಟಿಕೊಂಡಿರುವುದಿಲ್ಲ, ಒಂದು ಗೇಣು, ಎರಡು ಗೇಣು ಮೇಲಿರುತ್ತದೆ ಎಂದು ಅದೇ ವರ್ಷ ಅವರು ಪ್ರಕಟಿಸಿದರೆ ಬಹಳ ಜನ ನಂಬಲಿಲ್ಲವಂತೆ. ದಶಕಗಳ ಮೇಲೆ ನಮ್ಮ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಅದರ ಕಾರಣ ಹುಡುಕಲು ಕೂತರು. ಸಸಿಯ ನೆತ್ತಿಗೂ ಬುಡಕ್ಕೂ ಬೇರೆ ಬೇರೆ ಹವೆ ಎಂಬುದು ನನಗೆ ಇದನ್ನು ಓದಿದ ಮೇಲೆಯೇ ಹೊಳೆದದ್ದು.

ಗಾಳಿಯಿಂದ ಇನ್ನೊಂದು ಉಪಕಾರ ಇದೆ. ಅಲುಗಾಡಿದ ಕಾಂಡ ದಪ್ಪವಾಗುತ್ತದೆ, ಗಿಡ್ಡವಾಗುತ್ತದೆ. ಬರೀ ಮುಟ್ಟಿದರೂ ಸಾಕು. ಅಮೆರಿಕದ ಮಾರ್ಕ್ ಜ್ಯಾಫೆ ಎಂಬ ಸಸ್ಯವಿಜ್ಞಾನಿ 1973ರಲ್ಲಿ ಇದಕ್ಕೆ ಉಚ್ಚರಿಸಲಾರದ ಒಂದು ಹೆಸರಿಟ್ಟ. ಹಾವೇರಿ ಕಡೆಯ ರೈತರು ಹೆಸರಿಡುವ ಗೋಜಿಗೆ ಹೋಗದೆ ಎಂದಿನಿಂದಲೋ ಮಾಡಿಕೊಂಡು ಬಂದಿದ್ದಾರೆ. ಅವರ ಗುಳಿ ರಾಗಿ ಪದ್ಧತಿಯಲ್ಲಿ ಎಳೆಯ ಪೈರಿನ ಮೇಲೆ ಹಗುರಾದ ಕೊರಡು ಎಳೆಯುತ್ತಾರೆ. ಪೈರು ಬಾಗಿ, ಮತ್ತೆ ಎದ್ದು, ಬುಡದಿಂದ ಮರಿ ಒಡೆಯುತ್ತದೆ. ನಾನು ಕೊರಡು ಎಳೆಯಲಿಲ್ಲ. ಹಲ್ಲುಜ್ಜುವಾಗ ಇನ್ನೊಂದು ಕೈಯನ್ನು ಸಸಿಗಳ ತಲೆಯ ಮೇಲೆ ಹತ್ತು ಸಲ ಸವರುತ್ತಿದ್ದೆ.

ಈಗ ದೋಸ್ತನ ಎರಡು ಸಸಿ. 27ರ ಸಂಜೆಗೇ ಮಕಾಡೆ ಬಿದ್ದಿದ್ದವು. ಮರುದಿನ ಮೇಲಿನ ಎಲೆಗಳಲ್ಲಿ ಕಾಗದದಂಥ ಬಿಳಿ ಮಚ್ಚೆ. ಒಂದು ಮೂರನೆಯ ದಿನ ಹೋಯಿತು. ಇನ್ನೊಂದು ಸಾಯಲಿಲ್ಲ. ಎಲೆ ಅರ್ಧಕ್ಕರ್ಧ ಬೆಳ್ಳಗಾಗಿ, ಎಂಟು ದಿನ ಒಂದು ಕೂದಲೆಳೆಯೂ ಬೆಳೆಯದೆ ಹಾಗೇ ನಿಂತಿತು. ಒಂಬತ್ತನೆಯ ದಿನ ನೆತ್ತಿಯಲ್ಲಿ ಸಾಸಿವೆಯಷ್ಟು ಹೊಸ ಚಿಗುರು. 'ನೋಡಿದ್ಯಾ, ಉಳೀತು!' ಎಂದ ದೋಸ್ತ. 'ಇನ್ನೊಂದು?' ಎಂದೆ. ಅದು ಲೆಕ್ಕಕ್ಕೆ ಬರೋದಿಲ್ಲ ಎಂದ.

ಆ ಚಿಗುರನ್ನು ನೋಡುತ್ತ ಕೂತಾಗಲೇ ನನಗೆ ಈ ಕೆಲಸದ ತಿರುಳು ಕಂಡದ್ದು. ನಾನು ಅಲ್ಲಿಯವರೆಗೆ ತಿಳಿದಿದ್ದೆ, ಬಿಸಿಲಿಗೆ ಇಟ್ಟು ಇಟ್ಟು ಎಲೆ ಗಟ್ಟಿಯಾಗುತ್ತದೆ ಎಂದು. ಮೇಣ ಒಂದಿಷ್ಟು ದಪ್ಪವಾಗಬಹುದು. ಆದರೆ ನೆರಳಿನಲ್ಲಿ ಪೂರ್ತಿ ಅರಳಿದ ಎಲೆ ನೆರಳಿನ ಎಲೆಯೇ. ಅದರ ಮೈ ಕಟ್ಟಿ ಮುಗಿದಿರುತ್ತದೆ. ಬಿಸಿಲಿನ ಎಲೆ ಬೇರೆಯಾಗಿಯೇ ಹುಟ್ಟಬೇಕು. ಹನ್ನೆರಡು ದಿನ ನಾವು ಮಾಡುವುದೇನೆಂದರೆ ಹಳೆಯ ಎಲೆ ಸುಡದಂತೆ ಕಾಯುವುದು, ಹೊಸ ಎಲೆ ಕಟ್ಟುವ ಅನ್ನ ಬರುವುದು ಅದರಿಂದಲೇ. ನನ್ನ ಇಪ್ಪತ್ತೇಳರಲ್ಲೂ ಹೊಸ ಎಲೆ ಬಂದಿದ್ದವು. ಸಣ್ಣ, ದಪ್ಪ, ಕಡುಹಸಿರು. ಕೆಳಗೆ ಹಳೆಯ ಅಗಲದ ತಿಳಿಹಸಿರು ಎಲೆ ಹಾಗೇ ಇದ್ದವು.

ಅದೇ ವಾರ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ತಂಗಿಯ ಹತ್ತನೆಯ ಫಲಿತಾಂಶ ಬಂದಿತ್ತು, ನನಗಿಂತ ಒಳ್ಳೆಯ ಮಾರ್ಕು. ಪುಣೆಗೆ ಹನ್ನೊಂದನೆಯ ಕಾಮರ್ಸಿಗೆ ಕಳಿಸುವುದೆಂದು ಅಪ್ಪ. ಕಾಕಾ ಒಂದು ಹೆಜ್ಜೆ ಮುಂದೆ ಹೋಗಿ, 'ಇವತ್ತಿಂದ ಕನ್ನಡ ಪುಸ್ತಕ ಕಟ್ಟಿ ಇಡ್ರಿ. ಮನ್ಯಾಗೂ ಇಂಗ್ಲಿಷಿನ್ಯಾಗ ಮಾತಾಡಸ್ರಿ. ಒಮ್ಮೆ ನೀರಿಗೆ ದಬ್ಬಿದ್ರ ಈಸು ತಾನೇ ಬರ್ತದ' ಎಂದು ತೀರ್ಪು ಕೊಟ್ಟಿದ್ದ. ನನ್ನನ್ನು ಹಾಗೆಯೇ ದಬ್ಬಿದ್ದರು. ಹನ್ನೊಂದನೆಯ ಮೊದಲ ದಿನದಿಂದ ಎಲ್ಲ ಇಂಗ್ಲಿಷು, ಪಕ್ಕದ ಬೆಂಚು ಮರಾಠಿ. ಚಕ್ರಬಡ್ಡಿ ನನಗೆ ನೀರು ಕುಡಿದಷ್ಟು ಸಲೀಸು. 'ಕಾಂಪೌಂಡ್ ಇಂಟರೆಸ್ಟ್' ಎಂದರೆ ಯಾವುದೋ ಹೊಸ ರಾಕ್ಷಸ ಎಂದು ಹೆದರಿ ಕೂತಿದ್ದೆ. ಎರಡೂ ಒಂದೇ ಎಂದು ಯಾರೂ ಹೇಳದೆ, ನನಗೇ ತಿಳಿಯುವ ಹೊತ್ತಿಗೆ ದೀಪಾವಳಿ ಬಂದಿತ್ತು. ಇಬ್ಬರು ಗೆಳೆಯರು ಅಷ್ಟರಲ್ಲಿ ಗಂಟುಮೂಟೆ ಕಟ್ಟಿ ಊರಿಗೆ ಹೋಗಿದ್ದರು. ಒಬ್ಬ ಈಗ ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುತ್ತಾನೆ, ನನಗಿಂತ ಗಣಿತ ಚೆನ್ನಾಗಿ ಬರುತ್ತಿದ್ದವ. ಉಳಿದವನನ್ನು ತೋರಿಸಿ 'ನೋಡು, ದಬ್ಬಿದ್ದಕ್ಕ ಗಟ್ಟಿಯಾದ' ಎಂದು ಕಾಕಾ ಹೇಳುವಾಗ ನನಗೆ ದೋಸ್ತನ ಲೆಕ್ಕವೇ ನೆನಪಾಯಿತು.

ನಾನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ: ಆಕೀನ್ನ ಈಗ ಎಂಟು ದಿನ ಇಲ್ಲಿಗೆ ಕಳಸು, ಪ್ರವೇಶಕ್ಕ ಇನ್ನ ಹೊತ್ತದ. ಚಿಗವ್ವನ ಮನ್ಯಾಗ ಇರಲಿ. ದಿನಾ ಎರಡು ತಾಸು ಇಂಗ್ಲಿಷ್ ಪುಸ್ತಕ ನಾ ಓದಸ್ತೀನಿ, ಉಳಿದ ಹೊತ್ತು ಕನ್ನಡ ಮಾತಾಡ್ಲಿ, ಅಳಬೇಕಂದ್ರ ಕನ್ನಡದಾಗ ಅಳಲಿ. ಮತ್ತ ಊರಿಗೆ ಬರ್ಲಿ. ಮತ್ತ ಕಳಸು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, 'ಬಸ್ಸಿನ ಖರ್ಚು?' ಎಂದ. ಖರ್ಚಿಗೆ ಖಾತೆ ಇರುವುದಿಲ್ಲ ಎಂದೆನಲ್ಲ, ಇಲ್ಲಿಯೂ ಅದೇ.

ಜೂನ್ 1ಕ್ಕೆ ಬಂದಳು. ಮೊದಲ ದಿನ ಅಕೌಂಟೆನ್ಸಿಯ ಎರಡು ಪುಟ. ಪುಸ್ತಕದ ಅಂಚಿನಲ್ಲಿ ಬಂಡವಾಳ, ಸಾಲಗಾರ, ಸವಕಳಿ ಎಂದು ಕನ್ನಡದಲ್ಲಿ ಬರೆದುಕೊಂಡಳು. ಅಳಿಸು ಎಂದು ನಾನು ಹೇಳಲಿಲ್ಲ. ಹೊಸ ಮಾತು ಕಟ್ಟಲಿಕ್ಕೆ ಆಕೆಯ ಹತ್ತಿರ ಬೇರೆ ಸಾಮಾನು ಏನಿದೆ? ಐದನೆಯ ದಿನಕ್ಕೆ ಎರಡು ತಾಸು ಸಾಲುವುದಿಲ್ಲ ಎಂದು ಆಕೆಯೇ ಜಗಳ ತೆಗೆದಳು. ಸಂಜೆ ಇಬ್ಬರೂ ಗಚ್ಚಿಗೆ ಹೋಗಿ ಟ್ರೇ ಒಳಗಿಡುವುದು. ಒಂದು ಸಂಜೆ ಹೇಳದೆ ಕೇಳದೆ ವಳೀವಿನ ಬಿರುಗಾಳಿ ಎದ್ದು, ಓಡಿಹೋಗುವಷ್ಟರಲ್ಲಿ ಒಂದು ಸಸಿ ನಡಕ್ಕೆ ಮುರಿದಿತ್ತು. ಇಪ್ಪತ್ತಾರು ಉಳಿದವು.

ಜೂನ್ 8ಕ್ಕೆ ಪುಣೆಯಲ್ಲಿ ದಬದಬ ಮಳೆ ಸುರಿಯಿತು, ರಸ್ತೆಗಳು ಹಳ್ಳವಾದವು. ಸಸಿಗಳು ಗಚ್ಚಿಯಲ್ಲೇ, ಟಾಕಿಯ ಮಗ್ಗುಲಿಗೆ ನೆನೆಯುತ್ತ ನಿಂತಿದ್ದವು. ಒಳಗೆ ತರುವ ದಿನಗಳು ಮುಗಿದಿದ್ದವು. ಮರುದಿನ ರಾತ್ರಿ ತಂಗಿ ಇಪ್ಪತ್ತಾರು ಸಸಿಯ ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪನ ಜೊತೆ ಎಸ್.ಟಿ. ಬಸ್ಸಿನಲ್ಲಿ ಊರಿಗೆ ಹೋದಳು. ಇಪ್ಪತ್ತೇಳನೆಯದು ಬಿಳಿ ಮಚ್ಚೆಯದು. ದೋಸ್ತ ತಾನೇ ಒಂದು ಹಾಲಿನ ಚೀಲದಲ್ಲಿ ಮಣ್ಣು ತುಂಬಿ ಅದನ್ನು ಬೇರೆಯಾಗಿ ಕಟ್ಟಿಕೊಟ್ಟ.

ಅಜ್ಜಿ ಮಿರಗದ ಮಳೆಯ ಹಸಿ ನೋಡಿಕೊಂಡು, ಮೋಡ ಇದ್ದ ಒಂದು ಸಂಜೆ ಅಗಿ ಹಚ್ಚಿದಳು. ಬಿಸಿಲಿರುವಾಗ ಹಚ್ಚಬಾರದು ಎಂದು ಆಕೆಗೆ ಯಾವ ಪುಸ್ತಕವೂ ಹೇಳಿಲ್ಲ. ಮೂರು ದಿನ ಪ್ರತಿಯೊಂದಕ್ಕೂ ಎಕ್ಕೆಯ ಎಲೆ ಕೊಡೆಯಂತೆ ಸಿಗಿಸಿದ್ದಳಂತೆ. ಹದಿನೈದು ದಿನಕ್ಕೆ ತಂಗಿ ಫೋನು ಮಾಡಿ ಎಣಿಕೆ ಕೊಟ್ಟಳು. ಇಪ್ಪತ್ತೇಳರಲ್ಲಿ ಇಪ್ಪತ್ತೆರಡು ಬೇರು ಹಿಡಿದಿವೆ, ಮೂರು ಆಡಿನ ಪಾಲು, ಎರಡು ತಾವಾಗಿ ಹೋದವು. ಬಿಳಿ ಮಚ್ಚೆಯದು ಇದೆ, ಆದರೆ ಎಲ್ಲಕ್ಕಿಂತ ಗಿಡ್ಡ. 'ಇದಕ ಏನಾಗಿತ್ತು?' ಎಂದು ಅಜ್ಜಿ ಕೇಳಿದಳಂತೆ. ಪುಣೆದಾಗ ಬಿಸಲ ಬಡದಿತ್ತು ಎಂದು ಇವಳು ಹೇಳಿದಳಂತೆ.

ಆ ಗಿಡ ತಡವಾಗಿ ಹೂ ಬಿಟ್ಟು ಏಳೆಂಟು ಕಾಯಿ ಕೊಟ್ಟಿತು, ಚಟ್ನಿಗೆ ಹೋದವು. ದಸರೆಗೆ ನಾನು ಊರಿಗೆ ಹೋದಾಗ ಮಡಿಯಲ್ಲಿ ಮೂರು ಗಿಡಗಳ ಕುತ್ತಿಗೆಗೆ ಕೆಂಪು ಅರಿವೆಯ ಚಿಂದಿ ಕಟ್ಟಿತ್ತು. ಬೀಜಕ್ಕೆ ಬಿಟ್ಟದ್ದು. ಕಾಯಿ ಗಿಡದ ಮೇಲೆಯೇ ಪೂರ್ತಿ ಕೆಂಪಾಗಿ ಸುಕ್ಕುಗಟ್ಟುವ ತನಕ ಅವುಗಳನ್ನು ಯಾರೂ ಮುಟ್ಟುವಂತಿರಲಿಲ್ಲ, ಕಾಕಾ ಕೂಡ.